ಐದು ದಿನದ ಮುಧೋಳ ನಾಯಿಮರಿ, ತೂಕ ಏರುತ್ತಿಲ್ಲ. ಏನು ಮಾಡಲಿ?

ಕಬ್ಬಿನ ಗದ್ದೆ (ಮುಧೋಳ ತಾಲ್ಲೂಕು):

ನಮ್ಮ ಚಂದ್ರಿ ಮೊದಲ ಸಲ ಮರಿ ಹಾಕಿದ್ದಾಳೆ. ಗಂಡು ನಾಲ್ಕು, ಹೆಣ್ಣು ಮೂರು. ಇಂದಿಗೆ ಐದು ದಿನ. ಆರು ಮರಿಗಳು ಮೈದುಂಬಿಕೊಂಡು ಚೆನ್ನಾಗಿವೆ. ಏಳನೆಯದು ಬೂದುಬಣ್ಣದ ಹೆಣ್ಣುಮರಿ. ಹುಟ್ಟಿದಾಗ 260 ಗ್ರಾಂ ಇತ್ತು, ಇಂದು ಬೆಳಿಗ್ಗೆ 255. ಉಳಿದವು 350ರ ಆಸುಪಾಸಿನಲ್ಲಿ ಹುಟ್ಟಿ ಈಗ 500ಕ್ಕೆ ಬಂದಿವೆ. ಇದು ಮಾತ್ರ ಗುಂಪಿನಿಂದ ಸರಿದು ಗೋಡೆಯ ಬದಿಗೆ ಮಲಗುತ್ತದೆ, ಸಣ್ಣ ದನಿಯಲ್ಲಿ ಕುಂಯ್‌ಗುಡುತ್ತಲೇ ಇರುತ್ತದೆ. ಬಾಯಿಗೆ ಬೆರಳಿಟ್ಟರೆ ಚೀಪುತ್ತದೆ, ಬಲವಿಲ್ಲ. ತಂದು ಮೊಲೆಗೆ ಇಟ್ಟರೆ ಚಂದ್ರಿಯೇ ಮೂಗಿನಿಂದ ಆಚೆಗೆ ದೂಡುತ್ತಾಳೆ.

ಹಿತ್ತಿಲ ಕೋಣೆಯಲ್ಲಿ ಇಟ್ಟಿದ್ದೇವೆ. ಶಹಾಬಾದ ಕಲ್ಲಿನ ನೆಲ, ಮೇಲೆ ಗೋಣಿತಟ್ಟು. ಚಂದ್ರಿಗೆ ಜೋಳದ ನುಚ್ಚು, ಹಾಲು, ಮೊಟ್ಟೆ ಕೊಡುತ್ತೇವೆ. ಬಾಣಂತಿಯಲ್ಲವೇ ಎಂದು ಅವ್ವ ದಿನಕ್ಕೊಂದು ಅಂಟಿನುಂಡೆಯನ್ನೂ ಹಾಕುತ್ತಾಳೆ. ಮರಿಗೆ ಆಕಳ ಹಾಲಿಗೆ ಸಕ್ಕರೆ ಬೆರೆಸಿ ಒಳಲೆಯಲ್ಲಿ ಕುಡಿಸೋಣ ಎನ್ನುತ್ತಿದ್ದಾಳೆ. ಕಬ್ಬಿನ ಕಟಾವು ನಡೆದಿದೆ, ಹಗಲಿಡೀ ನಾನು ಹೊಲದಲ್ಲಿ. ಮನೆಯಲ್ಲಿ ಅವ್ವ ಒಬ್ಬಳೇ.

ಇನ್ನೊಂದು ವಿಷಯ. ಪುಣೆಯ ಒಬ್ಬರು ಎರಡು ಮರಿ ಕೇಳಿದ್ದಾರೆ. ತಿಂಗಳು ತುಂಬಿದ ಕೂಡಲೇ ಕೊಡಿ, ಚಿಕ್ಕದಿದ್ದಾಗ ತಂದರೆ ಮನೆಗೆ ಹೊಂದಿಕೊಳ್ಳುತ್ತದೆ, ಮುಂಗಡ ಇಂದೇ ಹಾಕುತ್ತೇನೆ ಎನ್ನುತ್ತಾರೆ. ಕೊಡಬಹುದೇ?

ಬೇಟೆಗಾರನ ಮೊಮ್ಮಗ (ಜಮಖಂಡಿ):

ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ತಾಯಿ ಬೇಡವೆಂದ ಮರಿಯನ್ನು ನಮ್ಮ ಅಜ್ಜ ಎತ್ತಿ ನೋಡುತ್ತಲೂ ಇರಲಿಲ್ಲ. ಗಟ್ಟಿ ಇದ್ದದ್ದು ಉಳಿಯುತ್ತದೆ. ಮೊಲದ ಹಿಂದೆ ಗಾಳಿಯಂತೆ ಓಡುವ ನಾಯಿಗಳು ಹಾಗೆಯೇ ತಯಾರಾದವು. ಆರು ಮರಿ ಚೆನ್ನಾಗಿವೆಯಲ್ಲ, ಅವುಗಳ ಕಡೆ ಗಮನ ಕೊಡಿ.

ಲೋಕಾಪುರದ ಅಕ್ಕ:

ತಮ್ಮಾ, ಹಾಲಿನ ಮಾತು ಆಮೇಲೆ. ಮೊದಲು ಆ ಮರಿಯ ಹೊಟ್ಟೆಯ ಕೆಳಗೆ ಕೈ ಇಟ್ಟು ನೋಡು. ತಣ್ಣಗಿದ್ದರೆ ಆಕಳ ಹಾಲೂ ಬೇಡ, ಡಬ್ಬಿಯ ಹಾಲೂ ಬೇಡ, ಚಂದ್ರಿಯ ಹಾಲೂ ಸದ್ಯಕ್ಕೆ ಬೇಡ. ಮೊದಲ ವಾರದ ಮರಿಗೆ ಚಳಿಯಾದರೆ ನಡುಗುವುದಕ್ಕೂ ಬರುವುದಿಲ್ಲ. ಶಾಖ ಹೊರಗಿನಿಂದಲೇ ಸಿಗಬೇಕು. ಮೈ ತಣ್ಣಗಾದರೆ ಕರುಳು ಕೆಲಸ ನಿಲ್ಲಿಸುತ್ತದೆ, ಕುಡಿಸಿದ ಹಾಲು ಜೀರ್ಣವಾಗದೆ ಹೊಟ್ಟೆಯಲ್ಲೇ ಉಳಿಯುತ್ತದೆ. ಚಂದ್ರಿ ದೂಡುವುದಕ್ಕೂ ಬಹುಶಃ ಅದೇ ಕಾರಣ. ತಣ್ಣನೆಯ ಮರಿಯನ್ನು ಎಷ್ಟೋ ನಾಯಿಗಳು ಆಗಲೇ ಸತ್ತ ಲೆಕ್ಕಕ್ಕೆ ಹಾಕಿಬಿಡುತ್ತವೆ. ಬೆಚ್ಚಗಾದ ಮೇಲೆ ಅದೇ ಮರಿಯನ್ನು ತಂದಿಟ್ಟರೆ ನೆಕ್ಕಲು ತೊಡಗುವುದನ್ನು ನಾನು ನಮ್ಮ ಮನೆಯಲ್ಲೇ ಕಂಡಿದ್ದೇನೆ.

ಬೆಚ್ಚಗೆ ಮಾಡುವುದೆಂದರೆ ಒಲೆಯ ಮುಂದೆ ಹಿಡಿಯುವುದಲ್ಲ, ಬಿಸಿನೀರಿನಲ್ಲಿ ಅದ್ದುವುದಂತೂ ಅಲ್ಲವೇ ಅಲ್ಲ. ಅವ್ವನಿಗೆ ಹೇಳು, ಸೆರಗಿನೊಳಗೆ ಮೈಗೆ ತಾಗುವಂತೆ ಇಟ್ಟುಕೊಂಡು ಕುಳಿತುಕೊಳ್ಳಲಿ. ಒಂದೆರಡು ಗಂಟೆ ಹಿಡಿಯುತ್ತದೆ. ಮೈ ನಿಧಾನವಾಗಿ ಕಾಯಬೇಕು, ಅವಸರ ಮಾಡಿದರೆ ಮರಿ ಕೈತಪ್ಪುತ್ತದೆ.

ಈಗ ಜಾಗದ ವಿಷಯ. ಶಹಾಬಾದ ಕಲ್ಲು ಬೇಸಿಗೆಯಲ್ಲಿ ಮಲಗುವವರಿಗೆ ಸುಖ. ಈ ಚಳಿಯಲ್ಲಿ ಅದು ಮರಿಯ ಮೈಯ ಕಾವನ್ನೆಲ್ಲ ಹೀರಿಕೊಳ್ಳುತ್ತದೆ. ಮುಧೋಳ ನಾಯಿಗೆ ಚರ್ಮದಡಿ ಹೆಚ್ಚು ಕೊಬ್ಬಿಲ್ಲ, ಮೈಮೇಲೆ ದಟ್ಟ ಕೂದಲಿಲ್ಲ; ತಾಯಿಗೂ ಚಳಿಯೇ. ನೆಲಕ್ಕೆ ಹಲಗೆ ಹಾಕು, ಹಲಗೆಯ ಮೇಲೆ ರಟ್ಟು, ರಟ್ಟಿನ ಮೇಲೆ ಹಳೆಯ ಕೌದಿ. ಗೋಣಿತಟ್ಟು ತೆಗೆದುಹಾಕು, ಅದರ ಎಳೆ ಮರಿಯ ಕಾಲಿಗೆ ಸುತ್ತಿಕೊಳ್ಳುತ್ತದೆ. ಕೋಳಿಮರಿಗಳಿಗೆ ತೂಗುಹಾಕುವ ಬಲ್ಬ್ ಪೇಟೆಯಲ್ಲಿ ಸಿಗುತ್ತದೆ. ಅದನ್ನು ಒಂದು ಮೂಲೆಗೆ ಮಾತ್ರ ಹಾಕು, ಇಡೀ ಜಾಗಕ್ಕಲ್ಲ. ಮರಿ ಮಲಗುವ ಮಟ್ಟದಲ್ಲಿ 29ರಿಂದ 32 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. ಚಂದ್ರಿಗೆ ಸೆಕೆಯಾದರೆ ಆಚೆ ಮೂಲೆಗೆ ಹೋಗಿ ಮಲಗಲು ಜಾಗವಿರಬೇಕು, ಇಲ್ಲದಿದ್ದರೆ ಎದ್ದು ಹೊರಗೇ ಹೋಗಿಬಿಡುತ್ತಾಳೆ. ಮರಿಗಳೆಲ್ಲ ಒಂದರ ಮೇಲೊಂದು ಬಿದ್ದುಕೊಂಡಿದ್ದರೆ ಚಳಿ, ದಿಕ್ಕಿಗೊಂದರಂತೆ ಚದುರಿ ಬಾಯಿ ತೆರೆದಿದ್ದರೆ ಸೆಕೆ. ಕರೆಂಟ್ ಹೋಗುವ ಹೊತ್ತಿಗೆ ಬಿಸಿನೀರಿನ ಬಾಟಲಿಗೆ ದಪ್ಪ ಬಟ್ಟೆ ಸುತ್ತಿ ಇಡು. ಕರೆಂಟ್ ಹೋಗಿಯೇ ಹೋಗುತ್ತದೆ, ಅದರಲ್ಲಿ ಸಂಶಯ ಬೇಡ.

ಮರಿ ಬೆಚ್ಚಗಾಯಿತು ಎಂದಾದ ಮೇಲೆ ಬಾಯಿ ತೆರೆದು ಬೆಳಕಿಗೆ ಹಿಡಿದು ಅಂಗುಳ ನೋಡು. ನಡುವೆ ಸೀಳಿದ್ದರೆ ಹಾಲು ಮೂಗಿನಿಂದ ಬರುತ್ತದೆ, ಅದು ಬೇರೆಯೇ ಕಥೆ, ಡಾಕ್ಟರ ಹತ್ತಿರವೇ ಹೋಗಬೇಕು. ಅಂಗುಳ ಸರಿಯಿದ್ದರೆ ದೊಡ್ಡ ಮರಿಗಳನ್ನು ಬುಟ್ಟಿಯಲ್ಲಿ ಹಾಕಿ ಬೆಚ್ಚಗಿನ ಮೂಲೆಗಿಡು. ಚಂದ್ರಿಯ ಹಿಂಗಾಲಿನ ಹತ್ತಿರದ ಮೊಲೆಗಳಲ್ಲಿ ಹಾಲು ಹೆಚ್ಚು. ಮೊದಲು ಒಂದು ಹನಿ ಹಿಂಡಿ ತೊಟ್ಟು ಒದ್ದೆ ಮಾಡು, ಮರಿಯ ಬಾಯಿ ತೆರೆದು ಅಲ್ಲಿಗಿಟ್ಟು, ಕೆಳಗೆ ಅಂಗೈ ಕೊಟ್ಟು ಹಿಡಿ. ನಾಲಿಗೆ ತೊಟ್ಟಿನ ಸುತ್ತ ದೋಣಿಯ ಹಾಗೆ ಮಡಚಿಕೊಳ್ಳಬೇಕು, ಮುಂಗಾಲುಗಳು ಮೊಲೆಯನ್ನು ಒತ್ತಲು ತೊಡಗಬೇಕು. ಅಷ್ಟು ಕಂಡರೆ ಅದು ಕುಡಿಯುತ್ತಿದೆ ಎಂದರ್ಥ. ಹತ್ತು ಹದಿನೈದು ನಿಮಿಷ ಹಾಗೆ ಒಂಟಿಯಾಗಿ ಕುಡಿಯಲಿ. ಎರಡು ಗಂಟೆಗೊಮ್ಮೆ, ರಾತ್ರಿಯೂ. ಕುಡಿದಾದ ಮೇಲೆ ಚಂದ್ರಿ ನೆಕ್ಕದಿದ್ದರೆ ಬೆಚ್ಚನೆಯ ನೀರಿನಲ್ಲಿ ಅದ್ದಿದ ಹತ್ತಿಯಿಂದ ಬಾಲದ ಕೆಳಗೆ ಮೆಲ್ಲಗೆ ಒರೆಸು. ಹಾಗೆ ಮಾಡದಿದ್ದರೆ ಈ ವಯಸ್ಸಿನ ಮರಿಗೆ ಉಚ್ಚೆಯೂ ಆಗುವುದಿಲ್ಲ, ಕಕ್ಕಸ್ಸೂ ಆಗುವುದಿಲ್ಲ.

ಅವ್ವನ ಆಕಳ ಹಾಲು ಒಳ್ಳೆಯದೇ, ಕರುವಿಗೆ. ನಾಯಿಯ ಹಾಲಿನಲ್ಲಿ ಕೊಬ್ಬು, ಪ್ರೋಟೀನ್ ಎರಡೂ ಆಕಳ ಹಾಲಿನ ಎರಡರಷ್ಟಾದರೂ ಇರುತ್ತವೆ, ಹಾಲಿನ ಸಕ್ಕರೆ ಕಡಿಮೆ. ಆಕಳ ಹಾಲಿಗೆ ನೀವು ಇನ್ನಷ್ಟು ಸಕ್ಕರೆ ಹಾಕಿದರೆ ಭೇದಿಯಾಗುತ್ತದೆ, ಮರಿ ಇನ್ನಷ್ಟು ಒಣಗುತ್ತದೆ. ಮೇಲುಹಾಲು ಬೇಕೇ ಬೇಕೆಂದಾದರೆ ನಾಯಿಮರಿಗಳಿಗೆಂದೇ ಮಾಡಿದ ಪುಡಿ ತರಿಸು. ಒಳಲೆಯನ್ನಂತೂ ಮುಟ್ಟಬೇಡಿ. ಕೂಸನ್ನು ಕಾಲಮೇಲೆ ಅಂಗಾತ ಮಲಗಿಸಿ ಕುಡಿಸಿದಂತೆ ಮರಿಗೆ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಮರಿ ಯಾವಾಗಲೂ ಹೊಟ್ಟೆಯ ಮೇಲೆ ಮಲಗಿಕೊಂಡೇ, ತಲೆ ತುಸು ಎತ್ತಿ ಕುಡಿಯಬೇಕು.

ಬೆಳಿಗ್ಗೆ ಸಂಜೆ ಅದೇ ತಕ್ಕಡಿಯಲ್ಲಿ ತೂಗಿ ಕ್ಯಾಲೆಂಡರಿನಲ್ಲಿ ಬರೆದಿಡು. ಐದು ಗ್ರಾಂ ಏರಿದರೂ ಏರಿದ್ದೇ.

ಜಮಖಂಡಿಯವರೇ, ನಿಮ್ಮ ಅಜ್ಜನ ನಾಯಿಗಳ ಬಗ್ಗೆ ನನಗೆ ಗೌರವವಿದೆ. ಆದರೆ ಹುಟ್ಟುವಾಗ ಚಿಕ್ಕದಾಗಿದ್ದ ಮಾತ್ರಕ್ಕೆ ರಕ್ತವೇ ದುರ್ಬಲ ಎಂದು ಯಾರು ಹೇಳಿದರು? ಗರ್ಭದಲ್ಲಿ ಸಿಕ್ಕ ಜಾಗ ಸರಿಯಿಲ್ಲದಿದ್ದರೂ ಮರಿ ಚಿಕ್ಕದಾಗುತ್ತದೆ. ನಮ್ಮಲ್ಲಿ ಹೀಗೆಯೇ ಹುಟ್ಟಿದ ಒಂದು ಹೆಣ್ಣು ಈಗ ಕಬ್ಬಿನ ಹೊಲದಲ್ಲಿ ಹಂದಿ ಬೆನ್ನಟ್ಟುತ್ತದೆ, ಮನೆಯಲ್ಲಿ ಎಲ್ಲರಿಗಿಂತ ಜೋರು ಅವಳೇ. ಇಷ್ಟೆಲ್ಲ ಮಾಡಿಯೂ ಕೆಲವು ಮರಿಗಳು ಹೋಗುತ್ತವೆ, ಅದೂ ನಿಜ. ಹೋಗುವ ಮರಿಯನ್ನು ಚಳಿಯಲ್ಲಿ ಹೋಗಗೊಡಬಾರದು ಎಂಬುದಷ್ಟೇ ನನ್ನ ವಾದ.

ಪುಣೆಯವರ ವಿಷಯಕ್ಕೆ ಆಮೇಲೆ ಬರುತ್ತೇನೆ, ಎಮ್ಮೆ ಹಿಂಡಬೇಕು.

ಪಶುವೈದ್ಯ (ಧಾರವಾಡ):

ಅಕ್ಕ ಹೇಳಿದ್ದು ಸರಿ. ನಾನು ಬೇರೆ ಕಾರಣಕ್ಕೆ ಬರೆಯುತ್ತಿದ್ದೇನೆ. ಅಂಟಿನುಂಡೆ ಇಂದೇ ನಿಲ್ಲಿಸಿ. ಅದರಲ್ಲಿ ಒಣದ್ರಾಕ್ಷಿ ಇರುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಯ ಮೂತ್ರಪಿಂಡಕ್ಕೆ ವಿಷ. ಎಷ್ಟು ತಿಂದರೆ ಅಪಾಯ ಎಂಬುದು ನಾಯಿಯಿಂದ ನಾಯಿಗೆ ಬದಲಾಗುತ್ತದೆ. ನಿನ್ನೆಯವರೆಗೆ ಏನೂ ಆಗಲಿಲ್ಲ ಎಂಬುದು ನಾಳೆಗೆ ಭರವಸೆಯಲ್ಲ. ಚಂದ್ರಿ ವಾಂತಿ ಮಾಡಿಕೊಂಡರೆ, ಮಂಕಾದರೆ, ಮೂತ್ರ ಕಡಿಮೆಯಾದರೆ ಕಾಯದೆ ಆಸ್ಪತ್ರೆಗೆ ಕರೆತನ್ನಿ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರನ್ನೂ ಕೊಡಬೇಡಿ. ಅವಳಿಗೆ ಬೇಕಾದದ್ದು ಹೆಚ್ಚು ಊಟ. ಮೂರು ನಾಲ್ಕನೆಯ ವಾರದಲ್ಲಿ ಏಳು ಮರಿಗಳ ತಾಯಿಗೆ ಮಾಮೂಲಿಗಿಂತ ಎರಡು ಮೂರು ಪಟ್ಟು ಆಹಾರ ಬೇಕಾಗುತ್ತದೆ. ನುಚ್ಚೊಂದೇ ಸಾಲದು, ಮೊಟ್ಟೆ, ಬೇಯಿಸಿದ ಕೋಳಿಮಾಂಸ ಹೆಚ್ಚಿಸಿ.

ಅದೇ ದಿನಗಳಲ್ಲಿ ಇನ್ನೊಂದು ಅಪಾಯವಿದೆ. ಹಾಲೂಡಿಸುವ ತಾಯಿಯ ರಕ್ತದಲ್ಲಿ ಕ್ಯಾಲ್ಸಿಯಂ ಏಕಾಏಕಿ ಇಳಿಯಬಹುದು. ಸುಮ್ಮನೆ ಏದುಸಿರು ಬಿಡುವುದು, ಚಡಪಡಿಕೆ, ಕಾಲು ಸೆಟೆದುಕೊಳ್ಳುವುದು, ಮೈ ನಡುಕ. ಹೀಗಾದರೆ ಮರಿಗಳನ್ನು ಬೇರ್ಪಡಿಸಿ ತಕ್ಷಣ ಹೊರಡಿ, ಬೆಳಗಾಗಲಿ ಎನ್ನಬೇಡಿ. ಇದನ್ನು ತಡೆಯುತ್ತೇವೆಂದು ಗರ್ಭದ ದಿನಗಳಲ್ಲೇ ಕ್ಯಾಲ್ಸಿಯಂ ಗುಳಿಗೆ ಕೊಡುವವರಿದ್ದಾರೆ. ಅದರಿಂದ ಅಪಾಯ ಹೆಚ್ಚುತ್ತದೆ.

ಜಂತುಹುಳದ ಔಷಧ ಮರಿಗಳಿಗೆ ಎರಡನೆಯ ವಾರದಿಂದ, ತಾಯಿಗೂ ಜೊತೆಯಲ್ಲೇ. ಲಸಿಕೆ ಆರರಿಂದ ಎಂಟನೆಯ ವಾರದ ನಡುವೆ ಶುರು. ಬೂದು ಮರಿಯನ್ನು ಸಾಧ್ಯವಾದರೆ ಇಂದೇ ಹತ್ತಿರದ ಪಶು ಆಸ್ಪತ್ರೆಗೆ ತೋರಿಸಿ, ಹಾದಿಯಲ್ಲಿ ಬೆಚ್ಚಗಿಡಿ.

ಕಬ್ಬಿನ ಗದ್ದೆ:

ಎಲ್ಲರಿಗೂ ನಮಸ್ಕಾರ. ಅಕ್ಕ, ಹೊಟ್ಟೆ ತಣ್ಣಗೇ ಇತ್ತು. ಅವ್ವ ಸೆರಗಿನಲ್ಲಿ ಕಟ್ಟಿಕೊಂಡು ಕುಳಿತಳು. ನಾಯಿಮರಿಯ ಬಾಣಂತನ ಮಾಡುವ ಹಾಗಾಯಿತಲ್ಲ ಎಂದು ಗೊಣಗುತ್ತಲೇ ಇದ್ದಳು, ಆದರೆ ಆಮೇಲೆ ನಾನು ಕೇಳಿದರೂ ಕೊಡಲಿಲ್ಲ. ಅಂಗುಳ ಸರಿಯಿದೆ. ಹಲಗೆ, ಕೌದಿ, ಬಲ್ಬ್ ಎಲ್ಲ ಆಯಿತು. ಆಸ್ಪತ್ರೆಯಲ್ಲಿ ನೀರಿನಂಶ ಕಡಿಮೆಯಾಗಿದೆ ಎಂದು ಚರ್ಮದಡಿ ಸಲೈನ್ ಕೊಟ್ಟರು. ಇಂದು ಸಂಜೆ 270 ಗ್ರಾಂ. ಚಂದ್ರಿ ನೆಕ್ಕುತ್ತಿದ್ದಾಳೆ. ಉಂಡೆ ನಿಂತಿದೆ, ಡಬ್ಬಿಯನ್ನು ಅಟ್ಟಕ್ಕೆ ಏರಿಸಿದ್ದೇವೆ.

ಪುಣೆಯವರು ಮತ್ತೆ ಫೋನ್ ಮಾಡಿದ್ದರು. ಬೇರೆ ಕಡೆ ಮೂವತ್ತು ದಿನಕ್ಕೇ ಕೊಡುತ್ತಾರಂತೆ.

ಲೋಕಾಪುರದ ಅಕ್ಕ:

ಕೊಡುವವರ ಹತ್ತಿರವೇ ತೆಗೆದುಕೊಳ್ಳಲಿ, ಬಿಡು.

ಎಂಟು ವಾರಕ್ಕಿಂತ ಮೊದಲು ಮರಿ ಮಾರಬಾರದೆಂದು 2017ರ ನಾಯಿ ಸಾಕಣೆ ಮತ್ತು ಮಾರಾಟದ ಕೇಂದ್ರ ನಿಯಮಗಳಲ್ಲೇ ಇದೆ. ಮಾರುವುದಕ್ಕಾಗಿ ಮರಿ ಮಾಡಿಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು, ಅದನ್ನೂ ವಿಚಾರಿಸಿಕೋ. ಹೆಣ್ಣು ಒಂದೂವರೆ ವರ್ಷ ದಾಟಿರಬೇಕು, ಎರಡು ಬೆದೆಗೆ ಸಾಲಾಗಿ ಮರಿ ಹಾಕಿಸಬಾರದು. ಚಂದ್ರಿ ಮುಂದಿನ ಸಲ ಬೆದೆಗೆ ಬಂದಾಗ ಊರಿನ ಗಂಡುನಾಯಿಗಳೆಲ್ಲ ಬಾಗಿಲಿಗೆ ಬಂದು ಕೂರುತ್ತವೆ, ಆಗ ಚಿಲಕ ಭದ್ರವಾಗಿರಲಿ.

ನಿಯಮ ಇಲ್ಲದಿದ್ದರೂ ನಾನು ಕೊಡುತ್ತಿರಲಿಲ್ಲ. ನಾಲ್ಕನೆಯ ವಾರದಿಂದ ಎಂಟನೆಯ ವಾರದವರೆಗೆ ಮರಿಗಳು ಒಂದನ್ನೊಂದು ಕಚ್ಚಿ ಆಡುತ್ತವೆ. ಜೋರಾಗಿ ಕಚ್ಚಿದರೆ ಇನ್ನೊಂದು ಕಿರುಚಿ ಆಟ ಬಿಡುತ್ತದೆ, ತಾಯಿನಾಯಿ ಬಂದು ಗುರ್ ಎನ್ನುತ್ತಾಳೆ. ಎಷ್ಟು ಕಚ್ಚಬೇಕು ಎಂಬ ಅಳತೆ ಅಲ್ಲಿ ಬರುತ್ತದೆ. ತಿಂಗಳಿಗೇ ಎತ್ತಿಕೊಂಡು ಹೋದ ಮರಿ ಆರು ತಿಂಗಳಿಗೆ ಮನೆಯ ಮಕ್ಕಳ ಕೈ ಹರಿಯುತ್ತದೆ, ಆಗ ಅದೇ ಮನುಷ್ಯ ಫೋನ್ ಮಾಡಿ ನಿಮ್ಮ ತಳಿಯೇ ಕೆಟ್ಟದ್ದು ಎನ್ನುತ್ತಾನೆ.

2020ರ ಆಗಸ್ಟ್‌ನಲ್ಲಿ ಪ್ರಧಾನಿಯವರು ಮನ್ ಕಿ ಬಾತ್‌ನಲ್ಲಿ ಮುಧೋಳ ನಾಯಿಯ ಹೆಸರು ಹೇಳಿದ ಮೇಲೆ ನಮ್ಮ ಮನೆಯ ಫೋನಿಗೆ ಬಿಡುವಿರಲಿಲ್ಲ. ನಾಯಿ ಎಷ್ಟು ಎತ್ತರ, ಸೈನ್ಯದಲ್ಲಿ ಇರುವಂಥದ್ದೇ ಹೌದೇ, ಇವಿಷ್ಟೇ ಪ್ರಶ್ನೆ. ಓಡಲು ಜಾಗ ಎಷ್ಟು ಬೇಕು ಎಂದು ಕೇಳಿದವರು ಬೆರಳೆಣಿಕೆ. ನಾನು ಈಗ ಕೇಳುವುದು ಮೂರು ಮಾತು. ಮನೆಗೆ ಕಾಂಪೌಂಡ್ ಎಷ್ಟು ಎತ್ತರ, ಹಗಲು ಮನೆಯಲ್ಲಿ ಯಾರಿರುತ್ತಾರೆ, ಪಕ್ಕದ ಮನೆಯಲ್ಲಿ ಕೋಳಿ, ಬೆಕ್ಕು ಇವೆಯೇ. ಮೂರನೆಯ ಪ್ರಶ್ನೆಗೆ ನಕ್ಕವರಿಗೆ ಮರಿ ಕೊಡುವುದಿಲ್ಲ.

ನೋಡಲು ಬರುತ್ತೇನೆಂದರೆ ಬರಲಿ, ಆದರೆ ಲಸಿಕೆ ಆಗುವವರೆಗೆ ಯಾರೂ ಮರಿ ಮುಟ್ಟಬಾರದು, ಚಪ್ಪಲಿ ಹಿತ್ತಿಲ ಬಾಗಿಲ ಆಚೆಗೇ ಬಿಡಬೇಕು. ಪಾರ್ವೊ ರೋಗದ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ಒಬ್ಬರ ಕಾಲಿನ ಮಣ್ಣು ಸಾಕು.

ರಾಜಾಜಿನಗರ (ಬೆಂಗಳೂರು):

ಅಕ್ಕನ ಮಾತಿಗೆ ನನ್ನದೊಂದು ಸಾಕ್ಷಿ. ತಿಮ್ಮಾಪುರದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರಕ್ಕೆ ಹೋಗಿ ನಾಯಿಗಳನ್ನು ಕಣ್ಣಾರೆ ನೋಡಿ, ಆಮೇಲೆ ಒಬ್ಬ ರೈತರ ಮನೆಯಿಂದ ಮರಿ ತಂದೆ. ಮನೆಯೊಳಗೆ ಇದರಷ್ಟು ಶಾಂತ ಪ್ರಾಣಿ ಇಲ್ಲ, ದಿನವಿಡೀ ಸೋಫಾದ ಮೇಲೆ ನಿದ್ದೆ. ಬಾಗಿಲು ತೆರೆದಿದ್ದಾಗ ಬೆಕ್ಕು ಕಂಡಿತೋ, ಮುಗಿಯಿತು. ಕರೆದರೆ ಕಿವಿಗೆ ಬೀಳುವುದೇ ಇಲ್ಲ. ಬೆಳಗಿನ ಐದಕ್ಕೆ ಬೇಲಿಯಿರುವ ಮೈದಾನಕ್ಕೆ ಕರೆದೊಯ್ಯುವುದು ಮಳೆಯಿರಲಿ ಚಳಿಯಿರಲಿ ತಪ್ಪುವುದಿಲ್ಲ. ಅಪರಿಚಿತರು ತಲೆ ಸವರಲು ಬಂದರೆ ಹಿಂದೆ ಸರಿಯುತ್ತದೆ. ಮುದ್ದಾಡಲು ನಾಯಿ ಬೇಕೆನ್ನುವವರು ಇದನ್ನು ತರಬಾರದು.

ಕಬ್ಬಿನ ಗದ್ದೆ:

ಪುಣೆಯವರಿಗೆ ಎಂಟು ವಾರ ಎಂದು ಹೇಳಿದೆ, ಮೂರು ಪ್ರಶ್ನೆಗಳನ್ನೂ ಕೇಳಿದೆ. ಅವರದು ನಾಲ್ಕನೆಯ ಮಹಡಿಯ ಮನೆಯಂತೆ. ವಿಚಾರ ಮಾಡಿ ಹೇಳುತ್ತೇನೆ ಎಂದು ಇಟ್ಟುಬಿಟ್ಟರು. ಮುಂಗಡ ತೆಗೆದುಕೊಂಡಿಲ್ಲ.

ಒಂದು ಪ್ರಶ್ನೆ ಉಳಿಯಿತು ಅಕ್ಕ. ಮರಿಗಳ ಉಗುರು ಸೂಜಿಯಂತಾಗಿವೆ, ಚಂದ್ರಿಯ ಮೊಲೆಯ ಸುತ್ತ ಗೀರು ಬಿದ್ದಿವೆ. ಕತ್ತರಿಸಬಹುದೇ?

ಲೋಕಾಪುರದ ಅಕ್ಕ:

ಕತ್ತರಿಸು. ಕೂಸುಗಳ ಉಗುರುಕತ್ತರಿ ಸಾಕು, ತುದಿಯ ಬಿಳಿ ಕೊಕ್ಕೆಯಷ್ಟೇ, ಕೆಂಪು ಕಾಣುವಲ್ಲಿಗೆ ಹೋಗಬೇಡ. ಹೊಟ್ಟೆ ತುಂಬಿ ಮಲಗಿದ್ದಾಗ ಮಾಡಿದರೆ ಏಳೂ ಮರಿಗಳದು ಒಂದೇ ಸಲಕ್ಕೆ ಮುಗಿಯುತ್ತದೆ. ವಾರಕ್ಕೊಮ್ಮೆ ಮಾಡುತ್ತಿರು. ಗೀರಿನ ಜಾಗ ಕೆಂಪಾಗಿ ಗಟ್ಟಿಯಾದರೆ, ಮುಟ್ಟಿದಾಗ ಬಿಸಿಯಿದ್ದರೆ ಕೆಚ್ಚಲು ಬಾವು ಇರಬಹುದು, ಡಾಕ್ಟರಿಗೆ ತೋರಿಸು. ಬೂದು ಮರಿಯ ತೂಕವನ್ನು ನಾಳೆಯೂ ಇಲ್ಲಿ ಹಾಕು.