ಸಹಾಯ ಬೇಕು: ಕುಂಬಳೆ ಸುತ್ತ ಭಾನುವಾರದ ಓಟಕ್ಕೆ ದಾರಿ, ಆಮೇಲೆ ತಿಂಡಿಗೆ ಜಾಗ

ಎಲ್ಲರಿಗೂ ನಮಸ್ಕಾರ. ನಾವು ಹದಿನೈದಿಪ್ಪತ್ತು ಮಂದಿ ಭಾನುವಾರ ಬೆಳಿಗ್ಗೆ ಒಟ್ಟಿಗೆ ಓಡಿ, ಆಮೇಲೆ ಕೂತು ತಿಂಡಿ ತಿನ್ನುತ್ತೇವೆ. ಬ್ಯಾಂಕಿನವರು, ಟೀಚರುಗಳು, ಅಡಿಕೆ ತೋಟದವರು, ಎಲ್ಲರೂ ಇದ್ದಾರೆ.

ಈಗ ಬೇಕಾಗಿರುವುದು ಹೊಸ ದಾರಿ. ಆರು ಪಥದ ಹೆದ್ದಾರಿ 66ರ ಬದಿಯಲ್ಲಿ ಗುಂಪಾಗಿ ಓಡುವುದು ಬೇಡವೇ ಬೇಡ. ಬದಿಯಡ್ಕ ರಸ್ತೆಯಲ್ಲಿ ಹೋಗಿ ನಾಯ್ಕಾಪಿನಲ್ಲಿ ತಿರುಗಿ ಅನಂತಪುರ ಕೆರೆ ದೇವಸ್ಥಾನದ ಕಡೆ ಓಡಬಹುದು ಅಂತ ಯೋಚನೆ ಉಂಟು. ಅಲ್ಲಿಯ ಮುರಕಲ್ಲಿನ ಬಯಲು ನೋಡಲು ಬಹಳ ಚಂದ. ಆದರೆ ನೆರಳು ಕಡಿಮೆ, ಏರೂ ಇದೆ. ನಮ್ಮ ಕರಾವಳಿ ಗಾಳಿಯಲ್ಲಿ ತೇವ ಜಾಸ್ತಿ, ಬೆವರು ಆರುವುದಿಲ್ಲ, ಮೈ ತಣ್ಣಗಾಗುವುದಿಲ್ಲ. ಹೊಸಬರಿಗೆ ಅದು ಕಷ್ಟ. ಹಾಗಂತ ಬೇಗ ಹೊರಟರೆ, ಡಿಸೆಂಬರ್, ಜನವರಿಯಲ್ಲಿ ಆರು ಗಂಟೆಗೂ ಕತ್ತಲೆ ಅಲ್ವಾ? ಆ ಕಡೆಯವರು ಹೇಳಿ: ಬೀದಿದೀಪ ಇದೆಯಾ? ನಾಯಿಗಳ ಕಾಟ? ಐದು ಕಿಲೋಮೀಟರಿನ ಸಮತಟ್ಟು ದಾರಿ ಬೇರೆ ಗೊತ್ತಿದ್ದರೆ ಇನ್ನೂ ಒಳ್ಳೆಯದು.

ತಿಂಡಿಗೆ ಏಳೂವರೆಗೆ ತೆರೆದಿರುವ, ಇಷ್ಟು ಜನ ಒಟ್ಟಿಗೆ ಕೂರಬಹುದಾದ ಹೋಟೆಲು ಬೇಕು. ನೀರುದೋಸೆ, ಬನ್ಸ್, ಪುಟ್ಟು ಕಡಲೆ, ಯಾವುದಾದರೂ ಸರಿ. ಬೆವರಿದ ಬಟ್ಟೆಯಲ್ಲಿ ಬರುತ್ತೇವೆ, ಅದಕ್ಕೆ ಬೇಸರಿಸದವರು ಬೇಕು.

ಇನ್ನೊಂದು ಮುಖ್ಯ ಮಾತು. ಕೊನೆಯಲ್ಲಿ ಓಡುವವರ ಜೊತೆಗೇ ಬರಲು ಅನುಭವ ಇರುವ ಒಬ್ಬರು ಬೇಕು, ಮಹಿಳೆಯಾದರೆ ತುಂಬಾ ಉಪಕಾರ. ಹಿಂದೆ ಒಬ್ಬರೇ ಉಳಿದುಬಿಟ್ಟರೆ ಅವರು ಮುಂದಿನ ವಾರ ಬರುವುದೇ ಇಲ್ಲ. ಒಪ್ಪುವವರು ಇಲ್ಲೇ ಕೆಳಗೆ ತಿಳಿಸಿ.