ಸಿಆರ್‌ಪಿ ಅದೇ, ಡೋಸ್ ಅದೇ, ಹಳೆ ವಯಲ್ ಹಾಕಿದ್ರ ಸೆಲ್‌ಗಳು ಯಾಕ ಇಷ್ಟು ರೊಚ್ಚಿಗೇಳ್ತಾವ?

ತೊಗರಿಕಟ್ಟಿ (ಕಲಬುರಗಿ)
ನಮಸ್ಕಾರ ರೀ ಎಲ್ಲಾರಿಗೂ, ತಲಿ ಕೆಟ್ಟು ಹೋಗ್ಯಾದ ಅದಕ್ಕ ಕೇಳ್ಲಾಕತ್ತೀನಿ. ಎಂಎಸ್ಸಿ ಪ್ರಾಜೆಕ್ಟಿಗೆ ಸಿಆರ್‌ಪಿ (ಊತ, ಸೋಂಕು ಇದ್ದಾಗ ರಕ್ತದಾಗ ಏರೋ ಪ್ರೊಟೀನ್) ತರಿಸೀವಿ, ಟಿಎಚ್‌ಪಿ-1 (ಲ್ಯಾಬಿನಾಗ ಬೆಳಸೋ ಬಿಳಿ ರಕ್ತಕಣ) ಸೆಲ್‌ಗೆ ಮಿಲಿಗೆ 10 ಮೈಕ್ರೋಗ್ರಾಂ ಹಾಕಿ ಮರುದಿನ ಐಎಲ್-8 (ಸೆಲ್ ರೊಚ್ಚಿಗೆದ್ರ ಹೊರಡೋ ಊತದ ಸಂದೇಶ) ಎಷ್ಟದ ಅಂತ ಎಲೈಸಾ ಮಾಡೋದು, ಹೆಚ್ಚಿದ್ದಷ್ಟು ಹಳದಿ, ಇಷ್ಟೇ ಕೆಲ್ಸ. ಫೆಬ್ರುವರಿದಾಗ ಏನೂ ಬರ್ಲಿಲ್ಲ, ಕಂಟ್ರೋಲ್ ಇದ್ದಂಗೇ ಇತ್ತು. ಈಗ ಮೇದಾಗ ಅದೇ ಲಾಟಿನ ಇನ್ನೊಂದು ವಯಲ್ ತಗದು ಹಾಕಿದ್ರ ಪ್ಲೇಟ್ ಪೂರಾ ಅರಿಶಿಣ ಹಚ್ಚಿದಂಗ ಹಳದಿ, ರೀಡರ್ ಅಳತಿ ಮೀರ್ತು. ಎಸ್‌ಡಿಎಸ್ ಜೆಲ್ (ಪ್ರೊಟೀನ್ ಬಿಚ್ಚಿ ತೂಕದ ಪ್ರಕಾರ ಬ್ಯಾರೆ ಮಾಡೋದು) ಓಡಿಸಿ ನೋಡ್ದೆ, ಎರಡಕ್ಕೂ 23 ಕಿಲೋಡಾಲ್ಟನ್ (ಅಣುತೂಕದ ಅಳತಿ) ಕಡಿ ಒಂದೇ ಚೊಕ್ಕ ಬ್ಯಾಂಡ್. ಪ್ರೊಟೀನ್ ಛಲೋನೇ ಅದಲ್ರಿ ಮತ್ತ? ಗೈಡ್ ಮಾತ್ರ ನಿನ್ನ ಪಿಪೆಟ್ಟೇ ಸರಿ ಇಲ್ಲ ಅಂತಾರ.

ಬಿದರಿಕುಸುರಿ (ಬೀದರ್)
ಪಿಪೆಟ್ ಆಮ್ಯಾಲ ನೋಡೋಣು ತಮ್ಮ, ಮೊದಲ ಆ ಜೆಲ್ ನಂಬಬ್ಯಾಡ. ಸಿಆರ್‌ಪಿ ಅಂದ್ರ ಐದು ಒಂದೇ ಥರದ ಸರಪಳಿ, ಒಂದೊಂದಕ್ಕ 206 ಅಮೈನೋ ಆಮ್ಲ, ಐದೂ ಕೂಡಿ ಸುಮಾರು 115 ಕಿಲೋಡಾಲ್ಟನ್ ಉಂಗುರ. ಕಟ್ಟಿ ಮ್ಯಾಲ ಐದು ಮಂದಿ ಹೆಗಲಿಗೆ ಹೆಗಲು ಹಚ್ಚಿ ಸುತ್ತ ಕುಂತಂಗ, ಒಬ್ಬರಿಗೊಬ್ಬರು ಹಗ್ಗ ಕಟ್ಕೊಂಡಿಲ್ಲ, ಬರೇ ಒತ್ತಿ ಕುಂತಾರ. ಎಸ್‌ಡಿಎಸ್ ಹಾಕಿದ ಕೂಡ್ಲೇ ಎಲ್ಲಾರೂ ಎದ್ದು ಹೋಗ್ತಾರ, ಮೊದಲ ಕೂಡಿದ್ರೋ ಇಲ್ಲೋ ಆ ಜೆಲ್‌ಗೆ ಹ್ಯಾಂಗ ಗೊತ್ತಾಗಬೇಕು? 23 ಬರೋದು ಬರೋದೇ.

ಖರೆ ವಿಷಯ ಇಲ್ಲದ. ಉಂಗುರ ಇರೋತನಕ ಅದು ತಣ್ಣಗ ರಕ್ತದಾಗ ತಿರಗ್ತದ, ಕ್ಯಾಲ್ಸಿಯಂ ಹಿಡ್ಕೊಂಡು ಪೊರೆಗಳಾಗಿನ ಫಾಸ್ಫೋಕೋಲಿನ್‌ಗೆ ಅಂಟ್ತದ. ಬಿಡಿಬಿಡಿ ಆತಂದ್ರ ಒಳಮೈ ಹೊರಗ ಬೀಳ್ತದ, ನೀರಿನಾಗ ಸರಿಯಾಗಿ ಕರಗೂದಿಲ್ಲ, ಸೆಲ್ಲಿನ ಪೊರೆಗೆ ಮೆತ್ಕೋತದ, ಐಎಲ್-8 ಹೊರಡ್ತದ. ಒಂದೇ ಪ್ರೊಟೀನ್, ರೂಪ ಬದಲಾತಂದ್ರ ಸ್ವಭಾವನೇ ಬ್ಯಾರೆ. ಒಂದೊಂದು ಸರಪಳಿದಾಗ ಎರಡೆರಡು ಕ್ಯಾಲ್ಸಿಯಂ ಇರ್ತಾವ, ಅವು ಹೋದ್ರ ಉಂಗುರ ಸಡಿಲ. ಲ್ಯಾಬಿನಾಗ ಬೇಕಂತಲೇ ಒಡೀಲಿಕ್ಕ 8 ಮೋಲಾರ್ ಯೂರಿಯಾ ಜೊತಿ ಇಡಿಟಿಎ (ಕ್ಯಾಲ್ಸಿಯಂ ಕಸ್ಕೊಳ್ಳೋ ರಾಸಾಯನಿಕ) ಹಾಕಿ 37 ಡಿಗ್ರಿದಾಗ ಇಡ್ತಾರ.

ಈಗ ಹೇಳು, ಯಾವ ಬಫರ್? ಫ್ರೀಜ್ ಮಾಡಿದ್ದೇನು? ಕೆಡದಂಗ ಹಾಕೋ ಅಜೈಡ್ ತಗದಿದ್ದೇನು? ಇ. ಕೋಲೈದಾಗ ಮಾಡಿದ್ದಾ, ಮನುಷ್ಯರ ರಕ್ತದಿಂದ ತಗದಿದ್ದಾ?

ಭೀಮಾತೀರ (ಯಾದಗಿರಿ)
ನಡುವ ಬಾಯಿ ಹಾಕ್ತೀನಿ ಮಾಫ್ ಮಾಡ್ರಿ. ನಮ್ಮಪ್ಪಂದು ಸಿಆರ್‌ಪಿ 62 ಬಂದದ, ಅದೂ ಒಡದದ ಏನ್ರಿ?

ಬಿದರಿಕುಸುರಿ (ಬೀದರ್)
ಇಲ್ಲಣ್ಣ, ದವಾಖಾನಿ ಟೆಸ್ಟ್ ಎಣಿಸೋದು ಹೆಚ್ಚಾಗಿ ಉಂಗುರನೇ, ಒಡದಿದ್ದು ಊತ ಇದ್ದ ಜಾಗದಾಗ ಮೆತ್ಕೊಂಡಿರ್ತದ. 62 ಅಂದ್ರ ಎಲ್ಲೋ ಸೋಂಕೋ ಗಾಯವೋ ಬ್ಯಾರೆ ಊತವೋ ಇರಬೌದು, ಲಿವರ್ ಅದಕ್ಕ ಹೆಚ್ಚು ಮಾಡ್ಲಾಕತ್ತದ. ಅರ್ಧಾಯುಷ್ಯ 19 ತಾಸು ಅಷ್ಟೇ, ಕಾರಣ ಹೋದ್ರ ಜಲ್ದಿ ಇಳೀತದ. ಯಾಕ ಏರ್ಯಾದ ಅನ್ನೋದು ಡಾಕ್ಟರನ್ನೇ ಕೇಳ್ರಿ.

ತೊಗರಿಕಟ್ಟಿ (ಕಲಬುರಗಿ)
ಅಕ್ಕೋರೆ, ಸಿಕ್ಕಿಬಿದ್ದೆ. ನಾ ಟ್ರಿಸ್ ಬಫರ್ ಬಾಟಲಿ ಅನ್ಕೊಂಡಿದ್ದು ಟಿಇ ಅದ, ಅಂದ್ರ ಟ್ರಿಸ್ ಜೊತಿ ಇಡಿಟಿಎ. ಸೀನಿಯರ್ ಮಾರ್ಕರಿನಾಗ ಬರದಿದ್ರು, ಒರಸಿ ಹೋಗಿ 'ಟಿ' ಅಷ್ಟೇ ಉಳದಿತ್ತು. ಅಂದ್ರ ಮೂರು ತಿಂಗಳು ಇಡಿಟಿಎದಾಗೇ ಇತ್ತು, ಮತ್ತ ಮೈನಸ್ 20ದಾಗ ಇಟ್ಟಿದ್ದೆ, ಈ ಬಿಸಿಲಿಗೆ ಕರೆಂಟ್ ಎಷ್ಟು ಸಲ ಹೋತು ಕೇಳಬ್ಯಾಡ್ರಿ. ಫೆಬ್ರುವರಿದು ಕಂಪನಿ ಬಫರಿನಾಗಿಂದ ಹಿಂದಿನ ದಿನ ಡಯಾಲಿಸಿಸ್ ಮಾಡಿ (ಪೊರೆ ಚೀಲದಾಗ ಹಾಕಿ ಬಫರ್ ಬದಲಿಸಿ) ಸೀದಾ ಹಾಕಿದ್ದೆ. ಮನುಷ್ಯರ ರಕ್ತದ್ದೇ ಅದ.

ಬಿದರಿಕುಸುರಿ (ಬೀದರ್)
ಯಪ್ಪಾ! ಫ್ರೀಜ್ ಮಾಡಲೇಬಾರದಿತ್ತು, 4 ಡಿಗ್ರಿದಾಗ ಕ್ಯಾಲ್ಸಿಯಂ ಜೊತಿ ಇಡಬೇಕು. ಆದ್ರ ಖುಷಿಪಡಬ್ಯಾಡ ಇನ್ನೂ. ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾ ಪೊರೆಯ ವಿಷ) ಸೇರಿದ್ರೂ ಹಿಂಗೇ ಹಳದಿ ಬರ್ತದ, ಈ ಸಿಆರ್‌ಪಿ ವಿಷಯದಾಗ ದೊಡ್ಡ ದೊಡ್ಡ ಲ್ಯಾಬಿನವರೇ ಎಂಡೋಟಾಕ್ಸಿನ್ ಅಜೈಡ್ ಎರಡರಾಗೂ ಮೋಸ ಹೋಗ್ಯಾರ. ಎಂಡೋಟಾಕ್ಸಿನ್ ಹಿಡಿದು ಕಟ್ಟಿಹಾಕೋ ಪಾಲಿಮಿಕ್ಸಿನ್-ಬಿ ಹಾಕಿ ಒಂದು ಸಾಲು ಮಾಡು. ಕುದಿಸಿ ನೋಡ್ತೀನಿ ಅಂತ ಹೋಗಬ್ಯಾಡ, ಎಂಡೋಟಾಕ್ಸಿನ್ ಕುದಿಸಿದ್ರೂ ಸಾಯೂದಿಲ್ಲ, ಸಿಆರ್‌ಪಿ ಕುದಿಸಿದ್ರ ಉಂಗುರನೇ ಒಡೀತದ, ಎರಡೂ ಕಡಿ ಕೆಟ್ಟಿ. ಎಸ್‌ಡಿಎಸ್ ಇಲ್ಲದ ನೇಟಿವ್ ಜೆಲ್ ಓಡಿಸು, ಉಂಗುರ ಇದ್ರ ಅದರಾಗ ಒಡೆಯೂದಿಲ್ಲ. ಹೊಸಾದಕ್ಕ ಟ್ರಿಸ್ ಸಲೈನ್, 2 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್. ಪಿಬಿಎಸ್‌ಗೆ (ಫಾಸ್ಫೇಟ್ ಬಫರ್) ಕ್ಯಾಲ್ಸಿಯಂ ಹಾಕಬ್ಯಾಡ, ಮಜ್ಜಿಗಿ ಒಡದಂಗ ಕುಂತ್ಕೊಂಡುಬಿಡ್ತದ.

ತೊಗರಿಕಟ್ಟಿ (ಕಲಬುರಗಿ)
ಒಂಬತ್ತು ದಿನ ಆತು. ನೇಟಿವ್ ಜೆಲ್‌ದಾಗ ಹೊಸಾದು ಒಂದು ಗೆರಿ ಚೊಕ್ಕ, ಹಳೇದು ಜೆಲ್ಲಿನ ಗುಂಡಿಯೊಳಗಿಂದ (ವೆಲ್) ಕೆಳಗಿಳೀಲೇ ಇಲ್ಲ, ನೀಲಿ ಮುದ್ದಿ ಆಗಿ ಬಾಯಿಗೇ ಕುಂತದ. ಪಾಲಿಮಿಕ್ಸಿನ್ ಹಾಕಿದ್ರೂ ಹಳೇದರ ಐಎಲ್-8 ಇಳೀಲಿಲ್ಲ, ಎಂಡೋಟಾಕ್ಸಿನ್ ಕಂಟ್ರೋಲಿಂದು ಮಾತ್ರ ಇಳೀತು. ಹೊಸಾದು ಸುಮ್ನದ.

ಗೈಡಿಗೆ ತೋರಿಸ್ದೆ, ಪಿಪೆಟ್ ಬಗ್ಗಿ ಏನೂ ಅನ್ಲಿಲ್ಲ, ಹಳೇ ವಯಲ್ ಚೆಲ್ಲಬ್ಯಾಡ ಅದರ ಮ್ಯಾಲೇ ಪ್ರಾಜೆಕ್ಟ್ ತಿರಿಗಿಸು ಅಂದ್ರು. ಈಗ ಉಂಗುರ ಇದ್ದದ್ದು ಹಿಡಿದು ಬ್ಯಾರೆ ಮಾಡ್ಲಾಕ ಫಾಸ್ಫೋಕೋಲಿನ್ ಕಾಲಂ ಬೇಕು, ಬೀದರ್ ಕಡಿ ಯಾರ ಹತ್ರರೆ ಒಂದು ಮಿಲಿ ರೆಸಿನ್ ಅದ ಏನ್ರಿ ಅಕ್ಕೋರೆ? ಬಸ್ಸಿಗೆ ಬಂದು ಒಯ್ತೀನಿ.