ಇಂಗ್ಲಿಷ್ ಕಲಸೋ ಮಾಸ್ತರ್ ಯಾಕ ನಿಲ್ಲವಲ್ರು?

ಪ್ರಶ್ನೆ (ವಿಜಯಪುರ): ಸ್ಟೇಷನ್ ರೋಡಿನ್ಯಾಗ ಸಂಜಿ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ನಡಸ್ತೀನ್ರಿ. ಬರೋರು ದೊಡ್ಡವ್ರ: ಮೆಡಿಕಲ್ ಅಂಗಡಿ ಹುಡುಗ, ನರ್ಸ್ ಅಕ್ಕಾರು, ಗೋಳಗುಮ್ಮಟದ ಗೈಡ್ ಒಬ್ರು. ಕಲಸೋರ ನಿಲ್ಲವಲ್ರು. ಜೂನ್ ಬಂತಂದ್ರ ಅತಿಥಿ ಶಿಕ್ಷಕರಾಗಿ ಹೋಗ್ತಾರ, ಇಲ್ಲಾ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಓದಾಕ ಧಾರವಾಡ ಬಸ್ ಹತ್ತತಾರ.

ಉತ್ತರ: ತಾಸಿನ ಲೆಕ್ಕದಾಗ ರೊಕ್ಕ ಕೊಟ್ರ ಯಾರ್ ನಿಂದರ್ತಾರ್ರಿ? ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರಿ ಅಂತ ಕ್ಲಾಸ್ ಬಂದ್, ಪಗಾರೂ ಬಂದ್. ನಾನೂ ಇಂಥಾ ಕ್ಲಾಸಿನ್ಯಾಗ ಕಲಸ್ತಿದ್ದೆ, ಬಿಟ್ಟಿದ್ದ ಅದಕ್ಕ. ತಿಂಗಳ ಪಗಾರ ಮಾಡ್ರಿ.

ಕೇಳಿದವರು: ಜಾತ್ರ್ಯಾಗ ಫೀ ತುಂಬೋರೂ ಇರಂಗಿಲ್ಲಲ್ರಿ!

ಇನ್ನೊಬ್ಬರು: ಒಂದ ಬ್ಯಾಚಿನ್ಯಾಗ ಎಬಿಸಿಡಿ ಬಾರದವ್ರು, ಡಿಗ್ರಿ ಆದವ್ರು ಇಬ್ರನ್ನೂ ಕೂಡಿಸಿದ್ರ ಹೊಸಾ ಮಾಸ್ತರ್ ವಾರದಾಗ ಸಾಕಾಗ್ತಾರ. ಮೊದಲ ಬ್ಯಾಚ್ ಒಡೀರಿ. ಬಿಎಡ್ ಮಾಡಿ ಮನ್ಯಾಗಿರೋ ಅಕ್ಕಾರು ನಮ್ಮ ಓಣ್ಯಾಗ ಬೇಕಾದಷ್ಟ ಅದಾರ. ಆರಕ್ಕ ಮನಿ ಮುಟ್ಟೂವಂಗ ಟೈಮ್ ಇಡ್ರಿ, ಅವ್ರು ಧಾರವಾಡಕ್ಕ ಹೋಗಂಗಿಲ್ಲ.